ಬಿತ್ತಿಗಿಯ ಮೂರನೆಯ ಪ್ರಯೋಗ

ಗುಡಗೇರಿ ರೈಲು ನಿಲ್ದಾಣದಿಂದ ಊರೊಳಗೆ ಬರುವ ರಸ್ತೆಯಲ್ಲಿ, ಕಾಳಿನ ಅಂಗಡಿಗಳು ಶುರುವಾಗುವುದಕ್ಕೂ ಮುಂಚೆ, ಎಡಕ್ಕೆ ಕುಬೇರಪ್ಪನವರ ಹತ್ತಿ ಜಿನ್ನು, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ, ಸಿಗುತ್ತದೆ. ಜನ ಈಗಲೂ ಅದನ್ನು ಜಿನ್ನು ಎಂದೇ ಕರೆಯುತ್ತಾರೆ, ಆದರೆ ಅದರೊಳಗೆ ಹತ್ತಿ ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಯಂತ್ರಗಳನ್ನು ಕಿತ್ತು ಮಾರಿದ ಮೇಲೆ ಉಳಿದ ಉದ್ದನೆಯ ತಗಡಿನ ಶೆಡ್ಡಿಗೆ ನೀಲಾ ಮರದ ನೆಲ ಹಾಕಿಸಿದಳು. ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ಎದುರು ಗೋಡೆಗೆ ಸೊಂಟದೆತ್ತರದಲ್ಲಿ ಹಿಡಿದು ನಿಲ್ಲುವ ಕೋಲು. ಹದಿನಾರು ವರ್ಷಗಳಿಂದ ಅದು ‘ಎರೆಭೂಮಿ ಬ್ಯಾಲೆ ತಂಡ’ದ ತಾಲೀಮಿನ ಮನೆ. ಮೊದಲ ವರ್ಷ ಕಾಳು ಮಾರಲು ಬಂದ ರೈತರು ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದರು. ಈಗ ಯಾರೂ ನಿಲ್ಲುವುದಿಲ್ಲ. ಪಿಯಾನೋ ಸದ್ದು ಕೇಳಿದರೆ “ಅಕ್ಕಾರ ಚಾಲೂ ಮಾಡಿದ್ರು, ಒಂಬತ್ತು ಹೊಡೀತು” ಎಂದು ಹೊತ್ತು ತಿಳಿದುಕೊಂಡು ಮುಂದೆ ಹೋಗುತ್ತಾರೆ.

ನೀಲಾ ಹುಟ್ಟಿದ್ದು ಪಕ್ಕದ ಕುಬಿಹಾಳದಲ್ಲಿ, ಕುರಿ ಕಾಯುವ ಮನೆತನದಲ್ಲಿ. ಅವಳಿಗೆ ಆರು ತುಂಬಿದಾಗ ಅಪ್ಪ ಹನಮಂತಪ್ಪ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ, ಹೆಂಡತಿ ಮಗಳನ್ನು ಕರೆದುಕೊಂಡು ಮುಂಬೈಗೆ ಹೋಗಿ ಒಂದು ಹಳೆಯ ಕಟ್ಟಡದ ಕಾವಲುಗಾರನಾದ. ಆ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಗೋವೆಯ ಡಿಮೆಲ್ಲೋ ಮೇಡಂ ಅನುಕೂಲಸ್ಥರ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದರು. ತಾಯಿ ಮೈಲಾರವ್ವ ಆ ನೃತ್ಯದ ಕೋಣೆಯನ್ನು ಒರೆಸಲು ಹೋದಾಗ ನೀಲಾ ಬಕೆಟ್ ಹಿಡಿದು ಹಿಂದೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಯಾರೂ ಇಲ್ಲವೆಂದುಕೊಂಡು ಕನ್ನಡಿಯ ಮುಂದೆ ಬೆರಳ ತುದಿಯ ಮೇಲೆ ನಿಂತು, ಏನನ್ನೂ ಹಿಡಿಯದೆ, ಮೂವತ್ತರವರೆಗೆ ಎಣಿಸಿದಳು. ಬಾಗಿಲಲ್ಲಿ ಮೇಡಂ ನಿಂತಿದ್ದರು. ಮಾರನೆಯ ದಿನದಿಂದ ಕೊನೆಯ ಸಾಲಿನಲ್ಲಿ ಅವಳಿಗೂ ಜಾಗ ಸಿಕ್ಕಿತು.

ಹದಿನೇಳಕ್ಕೆ ಬೆಲ್ಜಿಯಂನ ಒಂದು ನೃತ್ಯಶಾಲೆ ಅವಳನ್ನು ಕರೆಸಿಕೊಂಡಿತು. ಇಪ್ಪತ್ತಕ್ಕೆ ಅಲ್ಲಿಯದೇ ತಂಡವೊಂದರಲ್ಲಿ ಕುಣಿಯತೊಡಗಿ, ಹನ್ನೊಂದು ವರ್ಷ ಕುಣಿದಳು. ಕೊನೆಯ ವರ್ಷ ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿತ್ತು. ಅದು ಗೊತ್ತಿದ್ದೂ ಆರು ವಾರ ರಂಗದ ಮೇಲೆ ಹೋದಳು. ‘ಇನ್ನು ನಾಲ್ಕೇ ಪ್ರಯೋಗ’ ಎಂದು ಅಲ್ಲಿನ ನಿರ್ದೇಶಕ ಹೇಳುತ್ತ ಬಂದ, ಇವಳು ತಲೆಯಾಡಿಸುತ್ತ ಬಂದಳು. ಆಮೇಲೆ ಆ ಗಂಟು ಸರಿಯಾಗಿ ಮಡಚಲೇ ಇಲ್ಲ. ಕುಣಿಯಲಾರದವಳು ಕುಣಿಸುವುದನ್ನು ಕಲಿತಳು. ಕುರ್ಚಿಯ ಮೇಲೆ ಕುಳಿತು, ಬೇರೆಯವರ ಕೈಕಾಲುಗಳಿಂದ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಡಿಸುವುದು ಅವಳಿಗೆ ಕುಣಿತಕ್ಕಿಂತಲೂ ಚೆನ್ನಾಗಿ ಒಲಿಯಿತು. ಮೂವತ್ತೇಳಕ್ಕೆ ಈ ಕಡೆ ಬಂದು ಜಿನ್ನಿನಲ್ಲಿ ತನ್ನದೇ ತಂಡ ಕಟ್ಟಿದಳು. ನೃತ್ಯ ಸಂಯೋಜಿಸುವವಳೂ ಅವಳೇ, ಕಲಾ ನಿರ್ದೇಶಕಿಯೂ ಅವಳೇ. ಯಾರು ಕುಣಿಯಬೇಕು, ಯಾರು ಕಾಯಬೇಕು ಎಂದು ಹೇಳುವವಳೂ ಅವಳೇ. ಈಗ ಅವಳಿಗೆ ಐವತ್ಮೂರು.

ತಂಡ ಶುರುವಾದ ವರ್ಷ, ಬಿದ್ದು ಕಲಿಯುವವರಿಗೆ ದಪ್ಪನೆಯ ಗಾದಿಗಳು ಬೇಕಾಗಿದ್ದವು. ಪೇಟೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಇಮಾಮುದ್ದೀನ ನದಾಫನಿಗೆ ಹೇಳಿ ಮಾಡಿಸಿದಳು. ಅವನು ಗಾದಿ ಹೇರಿಕೊಂಡು ಬಂದ ಕೈಗಾಡಿಯ ಮೇಲೆ ಅವನ ಎಂಟು ವರ್ಷದ ಮಗಳು ಕುಳಿತಿದ್ದಳು. ತಾಯಿ ಇಲ್ಲದ ಕೂಸು. ಅಪ್ಪ ಹೋದಲ್ಲಿ ಹೋಗುತ್ತಿತ್ತು. ಗಾದಿಯ ಮೇಲೆ ಅವಳು ಹಾರಿದ್ದನ್ನು ನೀಲಾ ನೋಡಿದಳು. ಮೇಲೆ ಹೋದ ಹುಡುಗಿ ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಇಳಿಯುವ ಮನಸ್ಸು ಮಾಡಿದಂತೆ ಕಂಡಿತು. ಅವಳೇ ಜಾಸ್ಮಿನ್. ನೀಲಾ ಅವಳಿಗೆ ಹದಿನೈದು ವರ್ಷ ಕಲಿಸಿದಳು. ಇಮಾಮುದ್ದೀನ ಮಂದಿಯ ಮಾತಿಗೆಲ್ಲ ಎದುರು ನಿಂತು ಮಗಳನ್ನು ದಿನವೂ ಜಿನ್ನಿಗೆ ತಂದು ಬಿಟ್ಟ.

ಕಳೆದ ಜನವರಿಯಲ್ಲಿ ನೀಲಾ ‘ಬಿತ್ತಿಗಿ’ ಎಂಬ ಹೊಸ ಬ್ಯಾಲೆ ರಂಗಕ್ಕೆ ತಂದಳು. ಎರೆ ಹೊಲದಲ್ಲಿ ಕೂರಿಗೆ ಹೂಡಿ ಕಾಳು ಬಿಡುವ ಹೆಂಗಸರ ನಡಿಗೆಯಿಂದ ಅವಳು ಅದನ್ನು ಕಟ್ಟಿದ್ದಳು. ನಡುವೆ ಒಂದು ಭಾಗದಲ್ಲಿ ಜಾಸ್ಮಿನ್ ಒಬ್ಬಳೇ, ಒಂದೇ ಕಾಲಿನಿಂದ ಹಾರಿ ಅದೇ ಕಾಲಿನ ಮೇಲೆ ಇಳಿಯುತ್ತ, ರಂಗದ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಬರುತ್ತಿದ್ದಳು. ನಲವತ್ತು ಹಾರಿಕೆ. ನೀಲಾ ತನ್ನ ಜೀವಮಾನದಲ್ಲಿ ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದು ಎಂದು ನೋಡಿದವರು ಹೇಳಿದರು, ನೀಲಾಳಿಗೂ ಹಾಗೆಯೇ ಅನ್ನಿಸಿತ್ತು.

ಹುಬ್ಬಳ್ಳಿಯಲ್ಲಿ ಮೂರನೆಯ ಪ್ರಯೋಗದ ದಿನ, ಮೂವತ್ತೊಂದನೆಯ ಹಾರಿಕೆಯಲ್ಲಿ, ಜಾಸ್ಮಿನ್‌ಳ ಹಿಮ್ಮಡಿಯ ಮೇಲಿನ ನರ ಹರಿಯಿತು. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು ರಂಗದ ಪಕ್ಕದಲ್ಲಿ ನಿಂತಿದ್ದ ನೀಲಾಳಿಗೂ ಕೇಳಿಸಿತು. ಹುಡುಗಿ ಕುಸಿದು, ಕೈಯೂರಿ ತೆವಳಿಕೊಂಡು ಪರದೆಯ ಮರೆಗೆ ಬಂದಳು. ನೀಲಾ ಆ ಕ್ಷಣದಲ್ಲಿ ಅವಳ ಕಡೆ ನೋಡಲಿಲ್ಲ. ಅದೇ ಭಾಗವನ್ನು ಕಲಿತು ಪಕ್ಕದಲ್ಲಿ ಸಜ್ಜಾಗಿ ನಿಂತಿದ್ದ ನರ್ತಕಿ ಸೌಂದರ್ಯಾಳ ಬೆನ್ನಿಗೆ ಕೈಯಿಟ್ಟು, “ಹೋಗು, ಹೋಗವಾ, ಮೂವತ್ತೆರಡರಿಂದ ಹಿಡಿ” ಎಂದು ರಂಗದ ಮೇಲೆ ನೂಕಿದಳು. ಆಮೇಲೆ ಜಾಸ್ಮಿನ್‌ಳ ಬಳಿ ಕುಳಿತಳು. ಆಟ ನಿಲ್ಲಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪತ್ರಿಕೆಗಳಲ್ಲಿ ತಂಡದ ಶಿಸ್ತನ್ನು ಹೊಗಳಿ ಬರೆದರು.

ನರ ಹೊಲಿದ ವೈದ್ಯರು, ಇಂಥದ್ದು ಯಾರಿಗಾದರೂ ಯಾವಾಗಲಾದರೂ ಆಗಬಹುದು ಎಂದರು. ನೀಲಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಸ್ಪತ್ರೆಗೆ ಎರಡು ಸಲ ಹೋದಳು. ಎರಡೂ ಸಲ ಹುಡುಗಿ ಮದ್ದಿನ ಮಂಪರಿನಲ್ಲಿದ್ದಳು. ಆಮೇಲೆ ಹಣ್ಣು ಕಳಿಸಿದಳು, ವ್ಯಾಯಾಮ ಮಾಡಿಸುವವರನ್ನು ಮನೆಗೆ ಕಳಿಸಿದಳು. ತಾನು ಹೋಗಲಿಲ್ಲ. ಇಮಾಮುದ್ದೀನನ ಅಂಗಡಿ ಜಿನ್ನಿನಿಂದ ಐದು ನಿಮಿಷದ ಹಾದಿ. ಜಾಸ್ಮಿನ್ ಇನ್ನು ಕುಣಿಯುವುದಿಲ್ಲ, ಕುಂಟುತ್ತಾಳೆ ಎಂಬುದು ಬೇರೆಯವರ ಬಾಯಿಂದ ಅವಳಿಗೆ ತಿಳಿಯಿತು.

ಹೀಗೆ ಏಳು ತಿಂಗಳು ಕಳೆದವು. ಶ್ರಾವಣದಲ್ಲಿ ಮುಂಬೈಯ ದೊಡ್ಡ ನೃತ್ಯೋತ್ಸವದಿಂದ ‘ಬಿತ್ತಿಗಿ’ಗೆ ಕರೆ ಬಂತು. ಡಿಮೆಲ್ಲೋ ಮೇಡಂ ಕಲಿಸುತ್ತಿದ್ದ ಕಟ್ಟಡಕ್ಕೆ ಕೂಗಳತೆಯ ದೂರದಲ್ಲೇ ಆ ರಂಗಮಂದಿರ. ಹೆಸರುಕಾಳಿನ ಕೊಯ್ಲು ನಡೆದು ಪೇಟೆಯೆಲ್ಲ ಗಾಡಿಗಳಿಂದ ತುಂಬಿದ್ದ ಆ ವಾರ ತಂಡದ ಹದಿನಾಲ್ಕು ಮಂದಿಯೂ ಬೆಳಿಗ್ಗೆಯಿಂದ ಸಂಜೆಯವರೆಗೆ ಮೈಮುರಿದು ತಾಲೀಮು ಮಾಡುತ್ತಿದ್ದರು. ದುಮ್ಮವಾಡದ ಪ್ರಭು ತಂಡದ ಮುಖ್ಯ ನರ್ತಕ. ಪ್ರತಿ ಹಾರಿಕೆಗೆ ಮುಂಚೆ ಅವನು ಅಂಗಿಯ ಕೊರಳಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚುವುದು ನೀಲಾಳ ಕಣ್ಣಿಗೆ ಬಿತ್ತು. ಎರಡು ದಿನ ನೋಡಿದಳು. ಮೂರನೆಯ ದಿನ ಮಧ್ಯಾಹ್ನ, ಗಾದಿಗಳನ್ನು ಒಟ್ಟುವ ಕೋಣೆಯಲ್ಲಿ ಅವನು ಏನೋ ನುಂಗುತ್ತಿದ್ದಾಗ ಹೋಗಿ ಹಿಡಿದಳು. ಚೀಲದಲ್ಲಿ ಗುಳಿಗೆಯ ಖಾಲಿ ಹಾಳೆಗಳು ಹದಿನೈದಾದರೂ ಇದ್ದವು.

“ಏನಲೇ ಇದು, ಪ್ರಭು?”

“ಏನಿಲ್ರೀ ಅಕ್ಕಾರ. ತೆಲಿನೋವಿಂದು.”

“ದಿನಾ ನಾಕ್ ನಾಕ ಸಲಾ ತೆಲಿ ನೋಯ್ತೈತೇನು ನಿನಗ?”

ಪ್ರಭು ತಲೆ ತಗ್ಗಿಸಿದ. “ಮುಂಗಾಲ ಎಲುಬು ನೋಯ್ತೈತ್ರಿ. ಎರಡು ತಿಂಗಳಾತು.”

“ಎರಡು ತಿಂಗಳಾ! ಬಾಯಿ ಇಲ್ಲೇನು ನಿನಗ? ನನಗ ಯಾಕ ಹೇಳಲಿಲ್ಲ?”

ಅವನು ಎದುರಾಡುವ ಹುಡುಗನಲ್ಲ. ಆದರೂ ನೆಲ ನೋಡುತ್ತಲೇ ಹೇಳಿದ: “ಹೇಳಿದ್ರ ಏನಾಕ್ಕಿತ್ರೀ ಅಕ್ಕಾರ? ಜಾಸ್ಮಿನ್ ಹೇಳಿದ್ಲಲ್ರಿ.”

ನೀಲಾ ಅಂದಿನ ತಾಲೀಮು ಮುಗಿಯಿತೆಂದು ಎಲ್ಲರನ್ನೂ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿಕೊಂಡು ನೇರ ಪೇಟೆಗೆ ನಡೆದಳು. ನಡೆಯುವಾಗ ಅವಳಿಗೆ ಹುಡುಗಿಯ ನರ ಹರಿಯುವ ಮುಂಚಿನ ದಿನಗಳ ನೆನಪು ಬಿಡಿಬಿಡಿಯಾಗಿ ಬಂತು. ಮೊದಲ ಪ್ರಯೋಗಕ್ಕೆ ಹತ್ತು ದಿನ ಮುಂಚೆ ಜಾಸ್ಮಿನ್ “ಹಿಮ್ಮಡಿ ಹಿಡಿದಂಗ ಆಗೇತ್ರಿ” ಎಂದಿದ್ದಳು. ನೀಲಾ ಹಿಮ್ಮಡಿ ಒತ್ತಿ ನೋಡಿ ಬರ್ಫ ಇಡು ಎಂದಿದ್ದಳು. ಇನ್ನೊಮ್ಮೆ ಹೇಳಿದಾಗ “ನಾನು ಮುರಿದ ಎಲುಬಿನ ಮ್ಯಾಲ ಆರು ವಾರ ಕುಣದೀನಿ” ಎಂದಿದ್ದಳು. ಆ ಮಾತನ್ನು ಹೆಮ್ಮೆಯಿಂದಲೇ ಹೇಳಿದ್ದಳು.

ಇಮಾಮುದ್ದೀನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಉದ್ದನೆಯ ಸೂಜಿಯಿಂದ, ಹತ್ತಿ ಸರಿಯದಂತೆ, ಗಾದಿಗೆ ಗುಂಜು ಹಾಕುತ್ತಿದ್ದ. ಗಡ್ಡದ ಮೇಲೆಲ್ಲ ಹತ್ತಿಯ ಎಳೆ ಕುಳಿತಿತ್ತು. ನೀಲಾಳನ್ನು ನೋಡಿ ಸೂಜಿ ಚುಚ್ಚಿದ ಕಡೆಯೇ ಬಿಟ್ಟ. ಏಳಲಿಲ್ಲ.

“ಬರ್ರಿ ಅಕ್ಕಾರ. ಕುಂದರ್ರಿ.”

“ಇಮಾಮಣ್ಣಾ, ಜಾಸ್ಮಿನ್ ಅದಾಳೇನು?”

“ಅದಾಳ್ರಿ. ಏಳು ತಿಂಗಳಿಂದ ಇಲ್ಲೇ ಅದಾಳ. ಎಲ್ಲಿ ಹೋಗ್ತಾಳ್ರಿ ಆಕಿ?”

ನೀಲಾ ಕಟ್ಟೆಯ ತುದಿಗೆ ಕುಳಿತಳು. ಇಮಾಮುದ್ದೀನ ದನಿ ಏರಿಸಲಿಲ್ಲ. ಹತ್ತಿರದ ಕಾಳಿನ ಅಂಗಡಿಯವರಿಗೆ ಕೇಳಿಸಬಾರದೆಂಬಂತೆ ಮಾತಾಡಿದ. “ಹಣ್ಣು ಕಳಿಸಿದ್ರಿ. ಮಾಲೀಶು ಮಾಡೋರ್ನ ಕಳಿಸಿದ್ರಿ. ಅವರೆಲ್ಲಾ ಬಂದ್ರು, ಹೋದ್ರು. ನೀವು ಬರಲಿಲ್ಲ. ನಾ ದಿನಾ ಈ ಕಟ್ಟಿ ಮ್ಯಾಲ ಕುಂತು ಹಾದಿ ನೋಡೀನ್ರಿ. ನಮ್ಮ ಮಂದಿ ಹೆಣ್ಣಮಕ್ಕಳನ್ನ ಹಿಂಗ ಕುಣಸ್ತಾರೇನು ಅಂತ ಎಷ್ಟು ಮಂದಿ ಕೇಳ್ಯಾರ, ಎಲ್ಲಾರಿಗೂ ಉತ್ತರಾ ನಾನ ಕೊಟ್ಟೀನಿ. ಅಕ್ಕಾರ ಕೈಯಾಗ ಬಿಟ್ಟೀನಿ ಅಂದ್ರ ನನ್ನ ಕೈಯಾಗ ಇದ್ದಂಗ ಅಂತ ಹೇಳೀನಿ. ಈಗ ಮಂದಿ ಏನೂ ಕೇಳೂದಿಲ್ರಿ. ಸುಮ್ಮನ ಆಕಿ ಕಾಲು ನೋಡ್ತಾರ.”

“ನನ್ನ ತಪ್ಪೈತಿ, ಇಮಾಮಣ್ಣ.”

“ಅದನ್ನ ನನಗ ಹೇಳಬ್ಯಾಡ್ರಿ. ಒಳಗ ಹೋಗ್ರಿ.”

ಒಳಗಿನ ಕೋಣೆಯಲ್ಲಿ ಹಿಂಜುವ ಯಂತ್ರ ನಿಂತಿತ್ತು. ಜಾಸ್ಮಿನ್ ಹಿಂಜಿದ ಹತ್ತಿಯ ರಾಶಿಯ ಪಕ್ಕದಲ್ಲಿ ಎಡಗಾಲು ನೀಡಿ ಕುಳಿತು ದಿಂಬಿನ ಚೀಲಗಳಿಗೆ ಹತ್ತಿ ತುಂಬುತ್ತಿದ್ದಳು. ಹದಿನೈದು ವರ್ಷ ಅವಳ ಬೆನ್ನು ನೇರ ಮಾಡಿದ್ದು ನೀಲಾಳ ಕೈ. ಬೆನ್ನು ಈಗಲೂ ನೇರವಾಗಿಯೇ ಇತ್ತು. ಹೊರಗೆ ನಡೆದ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ಯಾಕ ಬಂದೀರಿ ಅಕ್ಕಾರ?”

ನೀಲಾ ಪ್ರಭುವಿನ ಗುಳಿಗೆಯ ವಿಷಯ ಹೇಳಿದಳು. ಅವನು ಅಂದ ಮಾತನ್ನೂ ಹೇಳಿದಳು. ಜಾಸ್ಮಿನ್ ಹತ್ತಿ ತುಂಬುವುದನ್ನು ನಿಲ್ಲಿಸಲಿಲ್ಲ.

“ನಾ ನಿಮಗ ಎಷ್ಟು ಸಲಾ ಹೇಳಿದ್ದೆ, ನೆನಪೈತೇನ್ರಿ?”

“ಎರಡು ಸಲಾ.”

“ಮೂರು ಸಲಾ ರೀ.”

ನೀಲಾ ನೆನಪಿಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ.

“ಮೂರನೇ ಸಲಾ ಅವತ್ತ ಹುಬ್ಬಳ್ಳ್ಯಾಗ ಹೇಳಿದ್ದೆ. ನೀವು ಲೈಟಿನವರ ಕೂಡ ಮಾತಾಡ್ತಿದ್ರಿ. ನಿಮ್ಮ ಬಾಜೂಕ ಬಂದು, ಅಕ್ಕಾರ, ಇವತ್ತ ನನಗ ಅಂಜಿಕಿ ಬರಾಕತ್ತೇತಿ, ಸೌಂದರ್ಯಾ ಕುಣೀಲೇನ್ರಿ, ಅಂತ ಕೇಳಿದೆ. ನೀವು ತಿರುಗಿ ನೋಡಲಿಲ್ಲ. ‘ಹೂಂ, ಹೂಂ, ಹೋಗಿ ತಯಾರಾಗು’ ಅಂದ್ರಿ. ನಾ ಹೋಗಿ ತಯಾರಾದೆ.”

ನೀಲಾ ಸೌಂದರ್ಯಾಳನ್ನು ಮೊದಲು ರಂಗಕ್ಕೆ ನೂಕಿದ್ದನ್ನು ಏಳು ತಿಂಗಳಿಂದ ದಿನವೂ ನೆನೆದು ಒಳಗೊಳಗೆ ಸುಟ್ಟುಕೊಂಡಿದ್ದಳು. ತನ್ನ ತಪ್ಪಿನ ಅಳತೆ ತನಗೆ ಗೊತ್ತಿದೆ ಎಂದು ಭಾವಿಸಿದ್ದಳು. ಈ ಮೂರನೆಯ ಮಾತು ಅವಳ ನೆನಪಿನಲ್ಲೇ ಇರಲಿಲ್ಲ. ಒಂದು ಕೂಸು ಅಂಜಿಕೆಯಾಗುತ್ತಿದೆ ಎಂದು ಹೇಳಿದ್ದು ಅವಳ ಕಿವಿಗೆ ಬಿದ್ದು, ಮನಸ್ಸಿಗೆ ಬರದೇ ಹೋಗಿತ್ತು.

“ಜಾಸ್ಮಿನ್, ನೀ ತಿರುಗಿ ಬಾರವಾ. ಸಣ್ಣ ಮಕ್ಕಳಿಗೆ ಕಲಿಸು. ನಿನಗ ಒಂದು...”

“ದಯಾ ತೋರಸಬ್ಯಾಡ್ರಿ.” ಜಾಸ್ಮಿನ್ ಮೊದಲ ಸಲ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. “ನಿಮಗ ಏನರ ಮಾಡಬೇಕು ಅನ್ನಿಸಿದ್ರ, ಅಪ್ಪಗ ಹೊರಗ ಕಟ್ಟಿ ಮ್ಯಾಲ ಅಂದ್ರಲ್ಲಾ, ತಪ್ಪೈತಿ ಅಂತ, ಅದನ್ನ ಅವರೆಲ್ಲಾರ ಮುಂದ ಹೇಳ್ರಿ. ಪ್ರಭು ಇರಲಿ, ಸೌಂದರ್ಯಾ ಇರಲಿ, ಎಲ್ಲಾರೂ ಇರಲಿ. ನಾನೂ ಬಂದು ಕುಂದರ್ತೀನಿ. ಮೂರೂ ಸಲದ್ದು ಹೇಳಬೇಕ್ರಿ.”

“ಹೇಳ್ತೀನಿ.”

“ಹೇಳಿದ್ರ ಮಾಫ್ ಮಾಡ್ತಾಳ ಅಂತ ತಿಳ್ಕೋಬ್ಯಾಡ್ರಿ ಮತ್ತ.”

“ಇಲ್ಲ” ಎಂದಳು ನೀಲಾ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಜಿನ್ನಿನಲ್ಲಿ ಪಿಯಾನೋ ಕೇಳಿಸಲಿಲ್ಲ. ಹದಿನಾಲ್ಕು ಮಂದಿ ಮರದ ನೆಲದ ಮೇಲೆ ಅರ್ಧ ಸುತ್ತು ಹಾಕಿ ಕುಳಿತಿದ್ದರು. ಬಾಗಿಲ ಬಳಿ ಜಾಸ್ಮಿನ್ ಒಂದು ಸ್ಟೂಲಿನ ಮೇಲೆ, ಅವಳ ಹಿಂದೆ ನಿಂತೇ ಇದ್ದ ಇಮಾಮುದ್ದೀನ. ಜಾಗದ ಒಡೆಯರೂ ತಂಡದ ಸಮಿತಿಯ ಅಧ್ಯಕ್ಷರೂ ಆದ ಕುಬೇರಪ್ಪನವರನ್ನೂ ನೀಲಾ ಕರೆಸಿದ್ದಳು.

ಅವಳು ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂರಲಿಲ್ಲ. ನಿಂತು ಹೇಳಿದಳು. ಹಿಮ್ಮಡಿ ಒತ್ತಿ ನೋಡಿ ಬರ್ಫ ಇಡು ಎಂದದ್ದು, ಮುರಿದ ಎಲುಬಿನ ಕತೆ ಹೇಳಿ ಹುಡುಗಿಯ ಬಾಯಿ ಕಟ್ಟಿದ್ದು, ಮೂರನೆಯ ಸಲ ತಿರುಗಿಯೂ ನೋಡದೇ ಹೂಂಗುಟ್ಟಿದ್ದು. ಜಾಸ್ಮಿನ್ ನೆಲದ ಮೇಲೆ ಬಿದ್ದಿದ್ದಾಗ ಅವಳನ್ನು ಎತ್ತುವ ಬದಲು ಆಟ ಮುಂದುವರಿಸಿದ್ದು. “ನನಗ ಆವಾಗ ಆಟ ನಿಲ್ಲಬಾರದು ಅನ್ನೂದೊಂದ ಇತ್ತು. ಆಕಿ ಕಾಲಿನ ವಿಚಾರ ತೆಲ್ಯಾಗ ಬರಲೇ ಇಲ್ಲ. ಬೆಲ್ಜಿಯಂದಾಗ ನನ್ನ ಕುಣಸಾವರು ನನಗ ಮಾಡಿದ್ದನ್ನ ನಾ ಆಕಿಗೆ ಮಾಡಿದೆ. ನನಗ ಆದಾಗ ಅದು ತಪ್ಪು ಅಂತ ಗೊತ್ತಿತ್ತು. ಮಾಡೂ ಮುಂದ ಗೊತ್ತಾಗಲಿಲ್ಲ.”

ಮೊದಲು ಅತ್ತವಳು ಸೌಂದರ್ಯಾ. “ನಾ ಅವತ್ತ ಚಪ್ಪಾಳಿ ತೊಗೊಂಡೇನ್ರಿ” ಎಂದಳು. “ಆಕಿ ಹೊರಳಾಡಾಕತ್ತಿದ್ಲು, ನಾ ನಕ್ಕೋತ ಕುಣದೆ. ಅವತ್ತಿಂದ ಆಕಿ ಮಾರಿ ನೋಡಾಕ ಆಗವಲ್ದು.” ಜಾಸ್ಮಿನ್ ಅವಳ ಕಡೆ ನೋಡಿ, “ನೀ ಏನ್ ಮಾಡಬೇಕಿತ್ತಲೇ? ನೂಕಿದ್ರು, ಹೋದಿ” ಎಂದಳು.

ಆಮೇಲೆ ಪ್ರಭು ಕೇಳಿದ: “ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಮತ್ತ ಹಂಗ ಮಾಡಿದ್ರ?”

“ಮಾಡಾಂಗಿಲ್ಲ ಅಂತ ಹೇಳಬೇಕು ಅನ್ನಸ್ತೈತಿ” ಎಂದಳು ನೀಲಾ. “ಆದ್ರ ಹೇಳೂ ಧೈರ್ಯ ಇಲ್ಲ. ಆಟ ಚೊಲೊ ಆಗಾಕತ್ರ ನನಗ ಕಣ್ಣು ಕಾಣ್ಸೂದಿಲ್ಲ.”

“ನಿಲ್ಲಸಾಕ ಒಬ್ಬರು ಬೇಕು” ಎಂದ ಪ್ರಭು.

ಎಲ್ಲರೂ ಬಾಗಿಲ ಕಡೆ ನೋಡಿದರು. ಜಾಸ್ಮಿನ್ ಅಪ್ಪನ ಮುಖ ನೋಡಿದಳು. ಇಮಾಮುದ್ದೀನ ಮಗಳ ಹೆಗಲ ಮೇಲಿದ್ದ ಕೈ ತೆಗೆದ.

“ನಾ ಬರ್ತೀನಿ” ಎಂದಳು ಅವಳು. “ಆದ್ರ ಕಲಸಾಕ ಅಲ್ಲ. ತಾಲೀಮಿನಾಗ, ಆಟದಾಗ, ನಾ ನಿಲ್ಲಸ್ರಿ ಅಂದ್ರ ನಿಲ್ಲಸಬೇಕು. ಯಾಕ ಅಂತ ಆಮ್ಯಾಲ ಕೇಳ್ರಿ. ಅವಾಗ ಕೇಳಬಾರದು. ಅಕ್ಕಾರೂ ಕೇಳಬಾರದು.”

ನೀಲಾ ಒಪ್ಪಿದಳು. ಕುಬೇರಪ್ಪನವರು ಹಾಳೆಯ ಮೇಲೆ ಬರೆಸಿ ಎಲ್ಲರ ಸಹಿ ಹಾಕಿಸಿದರು.

ಜಾಸ್ಮಿನ್‌ಳ ಮೊದಲ ಕೆಲಸ ಪ್ರಭುವನ್ನು ಕುಂದಗೋಳಕ್ಕೆ ಕರೆದುಕೊಂಡು ಹೋಗಿ ಕಾಲಿನ ಎಕ್ಸ್‌ರೇ ತೆಗೆಸಿದ್ದು. ಮುಂಗಾಲ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕಿತ್ತು. ಎಂಟು ವಾರ ಕುಣಿಯುವಂತಿಲ್ಲ. ಮುಂಬೈಯ ಪ್ರಯೋಗಕ್ಕೆ ನಾಲ್ಕೇ ವಾರ ಉಳಿದಿತ್ತು, ಅವನ ಪಾತ್ರ ಮಾಡಬಲ್ಲವನು ತಂಡದಲ್ಲಿ ಇನ್ನೊಬ್ಬನಿರಲಿಲ್ಲ. ನೀಲಾ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಪಟ್ಟಿ ಕಟ್ಟಿ ಒಂದೇ ಒಂದು ಆಟ ಕುಣಿಸಿದರೆ ಹೇಗೆ ಎಂಬ ಮಾತು ಅವಳ ಮನಸ್ಸಿಗೆ ಆಗಲೂ ಬಂತು. ಅದು ಬಂದದ್ದಕ್ಕೆ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ತಂಡ ಬರುವುದಿಲ್ಲವೆಂದು ಅಂದೇ ಮುಂಬೈಗೆ ಬರೆದು ಹಾಕಿದಳು.

ಕುಬೇರಪ್ಪನವರು ಓಡಿಬಂದರು. “ಏನ್ರಿ ಇದು ನೀಲಾಬಾಯಾರ? ಹದಿನಾರು ವರ್ಷ ಇದರ ಸಲುವಾಗಿ ಕಾದೇವಿ. ಒಂದು ಸಲ ಇಲ್ಲ ಅಂದ್ರ ಅವರು ಮತ್ತ ಕರೀತಾರೇನ್ರಿ?”

“ಕರಿಯೂದಿಲ್ರಿ” ಎಂದಳು ನೀಲಾ. ಅವರು ಕರೆಯಲೂ ಇಲ್ಲ. ಆ ಜಾಗಕ್ಕೆ ಬೇರೆ ತಂಡ ಹೋಯಿತು. ಮುಂಬೈ ತಪ್ಪಿತೆಂದು ಬೇಸರಪಟ್ಟು ಇಬ್ಬರು ನರ್ತಕರು ತಂಡ ಬಿಟ್ಟರು. ನೀಲಾ ಅವರನ್ನು ತಡೆಯಲಿಲ್ಲ.

ಅದಕ್ಕಿಂತ ಕಷ್ಟದ ದಿನ ಮುಂದೆ ಬಂತು. ಪ್ರಭು ಗುಣವಾಗಿ ಬಂದ ಮೇಲೆ, ದೀಪಾವಳಿ ಕಳೆದು ‘ಬಿತ್ತಿಗಿ’ಯ ತಾಲೀಮು ಮತ್ತೆ ಶುರುವಾಗಿತ್ತು. ನಲವತ್ತು ಹಾರಿಕೆಯ ಭಾಗ ಈಗ ಸೌಂದರ್ಯಾಳದು. ಒಂದು ಮುಂಜಾನೆ ಎಲ್ಲವೂ ಕೂಡಿ ಬಂತು. ಹೆಂಗಸರ ಸಾಲು ಒಂದೇ ಉಸಿರಿನಲ್ಲಿ ಬಾಗಿ ಏಳುತ್ತಿತ್ತು, ಸೌಂದರ್ಯಾ ತನ್ನನ್ನೇ ಮರೆತು ಹಾರುತ್ತಿದ್ದಳು, ನೀಲಾ ಕುರ್ಚಿಯಿಂದ ಎದ್ದು ನಿಂತು ಕೈಯಾಡಿಸುತ್ತಿದ್ದಳು. ಹದಿನೆಂಟೋ ಹತ್ತೊಂಬತ್ತೋ ಹಾರಿಕೆಯಾಗಿತ್ತು.

“ನಿಲ್ಲಸ್ರಿ” ಎಂದಳು ಜಾಸ್ಮಿನ್.

ಪಿಯಾನೋ ನಿಂತಿತು. ನೀಲಾ ತಿರುಗಿದಳು. ಅವಳ ಮುಖ ನೋಡಿ ಸೌಂದರ್ಯಾ ಎರಡು ಹೆಜ್ಜೆ ಹಿಂದೆ ಸರಿದಳು. ನೀಲಾಳ ಬಾಯಿಗೆ ಬಂದ ಮಾತು ಒಳ್ಳೆಯದಿರಲಿಲ್ಲ. ಅದನ್ನು ಅವಳು ಆಡಲಿಲ್ಲ. ಹೊರಗೆ ಹೋಗಿ, ಅಂಗಳದ ಬೇವಿನ ಗಿಡದ ಬುಡದಲ್ಲಿ ನಿಂತಳು. ರೈಲೊಂದು ನಿಲ್ದಾಣಕ್ಕೆ ಬಂದು ನಿಂತು, ಹೊರಟು ಹೋಯಿತು. ಒಳಗೆ ಬಂದು ಸೌಂದರ್ಯಾಳಿಗೆ ನೋವಿದೆಯೇ ಎಂದು ಕೇಳಿ, ಜಾಸ್ಮಿನ್ ಕಡೆ ತಿರುಗಿದಳು.

“ಈಗ ಕೇಳಲೇನು?”

“ಕೇಳ್ರಿ.”

“ಆಕಿಗೆ ಏನಾಗೇತಿ? ನೋವಿಲ್ಲ ಅಂತಾಳ.”

“ಆಕಿಗೆ ಏನೂ ಆಗಿಲ್ರಿ” ಎಂದಳು ಜಾಸ್ಮಿನ್. “ಈ ಹಾರೂದ ಸರಿ ಇಲ್ಲ. ಒಂದ ಕಾಲ ಮ್ಯಾಲ ನಲವತ್ತು ಸಲಾ ಇಳಿಯಾಕ ಯಾರ ಕಾಲೂ ತಡಿಯೂದಿಲ್ಲ. ನಂದು ಮೂರನೇ ಆಟಕ್ಕ ಹೋತು. ಈಕಿದು ಹತ್ತನೇದಕ್ಕ ಹೋಗ್ತೈತಿ. ಕುಣಿಯಾವರ್ದು ತಪ್ಪಲ್ಲ ಅಕ್ಕಾರ. ನೀವು ಕಟ್ಟಿದ್ದ ತಪ್ಪೈತಿ.”

ಹದಿನಾರು ವರ್ಷದಲ್ಲಿ ಆ ಶೆಡ್ಡಿನಲ್ಲಿ ನೀಲಾಳ ಸಂಯೋಜನೆಯನ್ನು ತಪ್ಪೆಂದವರಿರಲಿಲ್ಲ. ಅವಳು ಕುರ್ಚಿಯಲ್ಲಿ ಕುಳಿತು ತನ್ನ ಬಿಗಿದ ಪಾದದ ಗಂಟನ್ನು ಒತ್ತಿಕೊಂಡಳು. ಇವಳು ಹೇಳುವುದು ಸುಳ್ಳಾಗಿರಲಿ ಎಂದು ಲೆಕ್ಕ ಹಾಕಿ ನೋಡಿದಳು. ಸುಳ್ಳಾಗಲಿಲ್ಲ. ತನ್ನ ಕೃತಿಯಲ್ಲಿ ತಾನು ಅತಿ ಹೆಚ್ಚು ಪ್ರೀತಿಸಿದ್ದ ಭಾಗ ಒಂದು ದೇಹವನ್ನು ತಿನ್ನದೇ ನಡೆಯುವಂಥದ್ದಲ್ಲ ಎಂಬುದು ಅವಳಿಗೆ ಆ ಮುಂಜಾನೆ ಮನವರಿಕೆಯಾಯಿತು.

“ಹಂಗಾರ ತಗದುಬಿಡೂಣು” ಎಂದಳು.

ಬದಲಿಗೆ ಏನು ಇಡಬೇಕೆಂದು ಒಂದು ತಿಂಗಳು ಒದ್ದಾಡಿದಳು. ಎಷ್ಟೋ ದಿನ ಏನೂ ಹುಟ್ಟದೆ ಎಲ್ಲರನ್ನೂ ಬೇಗ ಮನೆಗೆ ಕಳಿಸಿದಳು. ಕೊನೆಗೆ, ಬಿತ್ತಿದ ಮೇಲೆ ಹೆಂಗಸರು ಕಾಳು ಮುಚ್ಚಲು ಸಾಲಿನಗುಂಟ ಪಾದ ಎಳೆಯುತ್ತ ಮಣ್ಣು ಸರಿಸುವ ನಡಿಗೆಯನ್ನು ತೆಗೆದುಕೊಂಡು, ಆ ಭಾಗವನ್ನು ಆರು ಮಂದಿಗೆ ಹಂಚಿ ನಿಧಾನವಾಗಿ ಕಟ್ಟಿದಳು. ಯಾರ ಪಾದವೂ ನೆಲ ಬಿಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಕುಂದಗೋಳದ ಶಾಲೆಯೊಂದರ ಮೈದಾನದಲ್ಲಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ, ಹೊಸ ‘ಬಿತ್ತಿಗಿ’ ನಡೆಯಿತು. ಕಡಲೆ ಕೀಳುವ ಕೆಲಸ ಮುಗಿಸಿ ಬಂದವರು ಚಾಪೆ ಹಾಸಿಕೊಂಡು ನೋಡಿದರು. ಆಟ ಎಲ್ಲೂ ನಿಲ್ಲಲಿಲ್ಲ. ಜಾಸ್ಮಿನ್ ರಂಗದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೊನೆಯವರೆಗೂ ಕಣ್ಣು ಕೀಳದೇ ಕುಳಿತಿದ್ದಳು. ಮುಗಿದಾಗ ಜನ ಎದ್ದು ನಿಲ್ಲಲಿಲ್ಲ. ಚಪ್ಪಾಳೆ ಹೊಡೆದು, ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋದರು.

ಪರದೆ ಬಿಚ್ಚುವಾಗ ಇಮಾಮುದ್ದೀನ ಬಂದ. ಗಾದಿಗಳನ್ನು ಕಟ್ಟಿ ಗಾಡಿಗೆ ಹೇರುವುದು ಈಗಲೂ ಅವನದೇ ಕೆಲಸ.

“ಹೆಂಗಿತ್ರಿ ಇಮಾಮಣ್ಣ?” ಎಂದು ನೀಲಾ ಕೇಳಿದಳು.

ಅವನು ಹಗ್ಗ ಬಿಗಿಯುತ್ತ ಸ್ವಲ್ಪ ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಲ್ಲ. “ಚೊಲೊ ಇತ್ರಿ. ಆದ್ರ ಖರೇ ಹೇಳಬೇಕಂದ್ರ, ಮೊದಲಿಂದು ಇನ್ನೂ ಚೊಲೊ ಇತ್ತು. ಅದನ್ನ ನೋಡೂ ಮುಂದ ನನಗ ಉಸರ ನಿಂತಿತ್ರಿ.”

ನೀಲಾಳಿಗೂ ಅದು ಗೊತ್ತಿತ್ತು. ಅವಳು ಜಾಸ್ಮಿನ್ ಕಡೆ ನೋಡಿದಳು. ಜಾಸ್ಮಿನ್ ಬಗ್ಗಿ, ಅಪ್ಪ ಹೇರಬೇಕಿದ್ದ ಕೊನೆಯ ಗಾದಿಯ ಒಂದು ತುದಿ ಹಿಡಿದಿದ್ದಳು.

“ಹೌದು” ಎಂದಳು ಅವಳು. “ಅದು ಭಾಳ ಚೊಲೊ ಇತ್ತು.” ಆಮೇಲೆ ನೀಲಾಳಿಗೆ, “ಆ ಕಡೆ ತುದಿ ಹಿಡೀರಿ ಅಕ್ಕಾರ, ನನಗೊಬ್ಬಾಕಿಗೆ ಎತ್ತಾಕ ಆಗೂದಿಲ್ಲ” ಎಂದಳು.

ನೀಲಾ ಹೋಗಿ ಹಿಡಿದಳು. ಒಬ್ಬರು ಎಡ, ಒಬ್ಬರು ಬಲ ಕಾಲು ಎಳೆಯುತ್ತ, ಇಬ್ಬರೂ ಗಾದಿಯನ್ನು ಗಾಡಿಯವರೆಗೆ ಹೊತ್ತು ತಂದರು. ನಾಳೆ ಎಷ್ಟು ಗಂಟೆಗೆ ತಾಲೀಮು ಎಂದು ಜಾಸ್ಮಿನ್ ಕೇಳಿದಳು. ನೀಲಾ ಎಲ್ಲರೂ ದಣಿದಿದ್ದಾರೆ, ನಾಳೆ ಬೇಡ ಎಂದಳು.